ಹೋಗಲು ಎಂಟು ಗಂಟೆ, ಬರಲು ಏಳು

ಲಂಡನ್ನಿಂದ ನ್ಯೂಯಾರ್ಕಿಗೆ ವಿಮಾನದಲ್ಲಿ ಸುಮಾರು ಎಂಟು ಗಂಟೆ ಬೇಕು. ವಾಪಸ್ ಬರಲು ಏಳು ಸಾಕು. ದೂರ ಮಾತ್ರ ಎರಡೂ ಕಡೆಯಿಂದ ಅದೇ 5,500 ಚಿಲ್ಲರೆ ಕಿಲೋಮೀಟರ್.

ಭೂಮಿ ತಿರುಗುವುದರಿಂದ ಹೀಗಾಗುತ್ತದೆ, ವಿಮಾನ ಮೇಲಿರುವಾಗ ಕೆಳಗಿನ ನೆಲ ಸರಿದುಹೋಗುತ್ತದೆ ಎಂದು ಕೆಲವರು ಹೇಳುವುದುಂಟು. ಆದರೆ ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ಅವರ ಮಾತು ನಿಜವಾಗಿದ್ದರೆ ನ್ಯೂಯಾರ್ಕೇ ವಿಮಾನದ ಎದುರಿಗೆ ಬರಬೇಕಿತ್ತು, ಅಲ್ವಾ? ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ. ವಿಮಾನ ಹಾರುವುದು ಆ ಗಾಳಿಯೊಳಗೇ.

ನಿಜವಾದ ಕಾರಣ ಜೆಟ್ ಸ್ಟ್ರೀಮ್. ವಿಮಾನಗಳು ಹಾರುವಷ್ಟು ಎತ್ತರದಲ್ಲಿ, ಅಂದರೆ ಸುಮಾರು 9ರಿಂದ 12 ಕಿಲೋಮೀಟರ್ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿ ಇದು. 1920ರ ದಶಕದಲ್ಲೇ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲಿ ಎಂದು ಕಟ್ಟಿದ ಕೃತಕ ಭಾಷೆಯಲ್ಲಿ, ಬರೆದರು. ಪಾಪ, ಹೊರಗಿನವರು ಅದನ್ನು ಗಮನಿಸಲೇ ಇಲ್ಲ.

ಈ ಗಾಳಿ ಬೆನ್ನಿಗಿದ್ದರೆ ಏನಾಗುತ್ತದೆ ಎಂಬುದು 2020ರ ಫೆಬ್ರವರಿಯಲ್ಲಿ ಕಂಡಿತು. ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಹಾಗಂತ ಅದು ಶಬ್ದದ ವೇಗವನ್ನು ಮೀರಲಿಲ್ಲ. ಸುತ್ತಲಿನ ಗಾಳಿಯ ಲೆಕ್ಕದಲ್ಲಿ ಅದು ಎಂದಿನ ವೇಗದಲ್ಲೇ ಹಾರುತ್ತಿತ್ತು.

ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ, ಒಟ್ಟಿನಲ್ಲಿ ಸರಿಹೋಗುತ್ತದೆ ಅನ್ನಿಸಬಹುದು. ಇಲ್ಲ. 6,000 ಕಿಲೋಮೀಟರ್ ದಾರಿ, ವಿಮಾನದ ವೇಗ ಗಂಟೆಗೆ 900, ಗಾಳಿಯದು 100 ಎಂದುಕೊಳ್ಳಿ. ಎದುರುಗಾಳಿಯಲ್ಲಿ ಏಳೂವರೆ ಗಂಟೆ, ಹಿಂಗಾಳಿಯಲ್ಲಿ ಆರು. ಒಟ್ಟು ಹದಿಮೂರೂವರೆ. ಗಾಳಿಯೇ ಇಲ್ಲದಿದ್ದರೆ ಹತ್ತು ನಿಮಿಷ ಕಡಿಮೆ ಸಾಕಿತ್ತು. ಎದುರುಗಾಳಿಯಲ್ಲಿ ಜಾಸ್ತಿ ಹೊತ್ತು ಸಿಕ್ಕಿಕೊಂಡಿರುತ್ತೇವೆ, ಅದಕ್ಕೇ ನಷ್ಟ.

ಇನ್ನು ದೂರದ ವಿಷಯ. ಗೋಡೆಯ ಭೂಪಟದಲ್ಲಿ ಸ್ಕೇಲ್ ಇಟ್ಟು ಅಳೆದರೆ ಸುಮ್ನೆ ಮೋಸಹೋಗುತ್ತೇವೆ. ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಹಿಡಿದು ನೋಡಿ. ನ್ಯೂಯಾರ್ಕ್‌ನಿಂದ ಟೋಕಿಯೋಗೆ ಅದು ಪೆಸಿಫಿಕ್ ಸಾಗರದ ನಟ್ಟನಡುವೆ ಸಾಗದೆ ಅಲಾಸ್ಕಾದ ಕಡೆಯಿಂದ ಹೋಗುತ್ತದೆ. ವೆಬ್‌ಸೈಟುಗಳು ತೋರಿಸುವ ವಿಮಾನದೂರ ಸಾಮಾನ್ಯವಾಗಿ ಈ ದಾರದ ಉದ್ದವೇ.

ಆದರೆ ದಾರಕ್ಕೆ ದೇಶಗಳ ಗಡಿ ಗೊತ್ತಿಲ್ಲ. ಹೆಲ್ಸಿಂಕಿಯಿಂದ ಟೋಕಿಯೋ ಸುಮಾರು 7,800 ಕಿಲೋಮೀಟರ್. ರಷ್ಯಾದ ಮೇಲೆ ಹಾರಿದರೆ ಒಂಬತ್ತೂವರೆ ಗಂಟೆಯ ದಾರಿ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಫಿನ್ಲೆಂಡಿನ ವಿಮಾನಗಳಿಗೆ ಆ ಆಕಾಶ ಮುಚ್ಚಿತು. ಪ್ರಯಾಣ ಸುಮಾರು ಹದಿಮೂರು ಗಂಟೆಗೆ ಏರಿತು. ಕೆಲವು ವಿಮಾನಗಳು ಈಗ ಉತ್ತರ ಧ್ರುವದ ಮೇಲಿಂದಲೇ ಬಳಸಿಕೊಂಡು ಹೋಗುತ್ತವೆ.