ಮ್ಯಾಗ್‌ಸಲ್ಫ್: ಹಳೆಯ ಉಪ್ಪು, ತಡವಾದ ತೀರ್ಪು

ಗರ್ಭಿಣಿ ನಂಜು (ಬಸಿರಿನಲ್ಲಿ ರಕ್ತದೊತ್ತಡ ಏರುವ ಕಾಯಿಲೆ) ಏರಿ ಫಿಟ್ಸ್ ಬಂದ ಹೆಂಗಸಿಗೆ ಹೆರಿಗೆ ವಾರ್ಡಿನಲ್ಲಿ ಮೊದಲು ಕೊಡುವ ಮದ್ದು ಮ್ಯಾಗ್ನೀಸಿಯಂ ಸಲ್ಫೇಟ್, ಅಂದರೆ ಮ್ಯಾಗ್‌ಸಲ್ಫ್. ಭೇದಿ ಮಾಡಿಸಲು ಕೊಡುತ್ತಿದ್ದ ಎಪ್ಸಮ್ ಉಪ್ಪೂ ಇದೇ. ಇಷ್ಟು ಅಗ್ಗದ, ಇಷ್ಟು ಹಳೆಯ ಮದ್ದಿಗೆ ಜಗತ್ತಿನ ಒಪ್ಪಿಗೆ ಸಿಕ್ಕಿದ್ದು ಮಾತ್ರ 1995ರಲ್ಲಿ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯರು ಇದನ್ನು ಬೆನ್ನುಹುರಿಯ ದ್ರವಕ್ಕೇ ಚುಚ್ಚಿ ನೋಡಿದ್ದರು. 1920ರ ದಶಕದಲ್ಲಿ ಅಮೆರಿಕದ ಲಜಾರ್ಡ್ ರಕ್ತನಾಳಕ್ಕೂ ಡಾರ್ಸೆಟ್ ಸ್ನಾಯುವಿಗೂ ಕೊಡತೊಡಗಿದರು. ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಪ್ರಿಚರ್ಡ್ 1950ರ ದಶಕದಲ್ಲಿ ರೂಪಿಸಿದ ಕ್ರಮ ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಆದರೆ ಅಟ್ಲಾಂಟಿಕ್‌ನ ಆಚೆ ದಡದವರು ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಡಯಾಜೆಪಾಮ್, ಫೆನಿಟಾಯಿನ್ ಎಂಬ ಬೇರೆ ಫಿಟ್ಸ್ ಮದ್ದುಗಳು ನಡೆಯುತ್ತಿದ್ದವು. ನಮ್ಮಲ್ಲಿ ಮದರಾಸಿನ ಕೃಷ್ಣ ಮೆನನ್ 1961ರಲ್ಲಿ ವಿವರಿಸಿದ ‘ಲಿಟಿಕ್ ಕಾಕ್‌ಟೇಲ್’ ಬಹುಕಾಲ ಬಳಕೆಯಲ್ಲಿತ್ತು: ಕ್ಲೋರ್‌ಪ್ರೊಮಜೀನ್, ಪ್ರೊಮೆಥಜೀನ್, ಪೆಥಿಡೀನ್ ಮೂರರ ಮಿಶ್ರಣ. ಅದು ತಾಯಿಯನ್ನು ಗಾಢ ಮಂಪರಿಗೆ ದೂಡುತ್ತಿತ್ತು.

ಜಗಳ ಮುಗಿಸಿದ್ದು 1995ರಲ್ಲಿ ಫಲಿತಾಂಶ ಹೊರಬಂದ, ಭಾರತವೂ ಪಾಲ್ಗೊಂಡಿದ್ದ, 1,687 ಹೆಂಗಸರ ಮೇಲೆ ನಡೆದ ಪ್ರಯೋಗ. ಮ್ಯಾಗ್‌ಸಲ್ಫ್ ಪಡೆದವರಲ್ಲಿ ಡಯಾಜೆಪಾಮ್‌ಗಿಂತ ಶೇ 52ರಷ್ಟು, ಫೆನಿಟಾಯಿನ್‌ಗಿಂತ ಶೇ 67ರಷ್ಟು ಕಡಿಮೆ ಮರುಫಿಟ್ಸ್. 2002ರಲ್ಲಿ 33 ದೇಶಗಳ ಸುಮಾರು ಹತ್ತು ಸಾವಿರ ಹೆಂಗಸರ ಮ್ಯಾಗ್‌ಪೈ ಅಧ್ಯಯನ, ನಂಜಿದ್ದೂ ಫಿಟ್ಸ್ ಬಾರದವರಲ್ಲಿ ಅದು ಬರುವ ಅಪಾಯವನ್ನು ಈ ಮದ್ದು ಅರ್ಧಕ್ಕೂ ಹೆಚ್ಚು ತಗ್ಗಿಸುತ್ತದೆಂದು ತೋರಿಸಿತು.

ಪ್ರಿಚರ್ಡ್ ಕ್ರಮದ ಮೊದಲ ಡೋಸ್ 14 ಗ್ರಾಂ. ಶೇ 50ರ 2 ಎಂಎಲ್ ಆಂಪೂಲ್‌ನಲ್ಲಿ (ಚುಚ್ಚುಮದ್ದಿನ ಪುಟ್ಟ ಸೀಸೆ) 1 ಗ್ರಾಂ ಇರುವುದರಿಂದ 14 ಆಂಪೂಲ್ ಒಡೆಯಬೇಕು. ನಾಲ್ಕನ್ನು (8 ಎಂಎಲ್) 12 ಎಂಎಲ್ ಸಲೈನ್‌ಗೆ ಬೆರೆಸಿ ಶೇ 20ಕ್ಕಿಳಿಸಿ, ನಾಳಕ್ಕೆ ಕನಿಷ್ಠ 5 ನಿಮಿಷ, ಸಾಧ್ಯವಾದರೆ 10–15 ನಿಮಿಷ ತೆಗೆದುಕೊಂಡು ಕೊಡಬೇಕು. ಉಳಿದ ಹತ್ತು, ಪೃಷ್ಠದ ಎರಡೂ ಬದಿಗೆ ಐದೈದು ಗ್ರಾಂನಂತೆ ಸ್ನಾಯುವಿನ ಆಳಕ್ಕೆ. ನೋವು ವಿಪರೀತ, ಆದ್ದರಿಂದ ಪ್ರತಿ ಸಿರಿಂಜಿಗೂ ಮರಗಟ್ಟಿಸುವ ಶೇ 2ರ ಲಿಗ್ನೊಕೇನ್ 1 ಎಂಎಲ್ ಸೇರಿಸುವುದು ರೂಢಿ. ಆಮೇಲೆ 4 ಗಂಟೆಗೊಮ್ಮೆ ಬದಿ ಬದಲಿಸಿ 5 ಗ್ರಾಂ. ಹೆರಿಗೆ ಅಥವಾ ಕೊನೆಯ ಫಿಟ್ಸ್, ಯಾವುದು ಕೊನೆಯದೋ ಅಲ್ಲಿಂದ 24 ಗಂಟೆ. ನಡುವೆ ಮತ್ತೆ ಫಿಟ್ಸ್ ಬಂದರೆ 2 ಗ್ರಾಂ ನಾಳಕ್ಕೆ, ನಿಧಾನವಾಗಿ. ಶೇ 50ರದ್ದನ್ನು ಬೆರೆಸದೆ ನಾಳಕ್ಕೆ ಏರಿಸಿದರೆ ಉಸಿರೂ ಹೃದಯವೂ ನಿಲ್ಲಬಹುದು. ಅವಸರದಲ್ಲಿ ಆಗುವ ದೊಡ್ಡ ತಪ್ಪು ಇದೇ.

ಈ ಮದ್ದು ದೇಹದಿಂದ ಹೊರಹೋಗುವ ದಾರಿ ಮೂತ್ರಪಿಂಡ ಒಂದೇ. ನಂಜಿನಲ್ಲಿ ಅದೇ ಸೊರಗಿರುತ್ತದೆ. ರಕ್ತದಲ್ಲಿ ಲೀಟರಿಗೆ 2ರಿಂದ 3.5 ಮಿಲಿಮೋಲ್ ಇದ್ದರೆ ಚಿಕಿತ್ಸೆಯ ಮಟ್ಟ. ಅದನ್ನು ದಾಟಿದರೆ ಮೊದಲು ಮಂಡಿಯ ಚಿಮ್ಮು (ಮಂಡಿಯ ಕೆಳಗೆ ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದು) ಮಾಯವಾಗುತ್ತದೆ, 5ರಿಂದ 6.5ರಲ್ಲಿ ಉಸಿರು ಕಟ್ಟುತ್ತದೆ, 12.5 ದಾಟಿದರೆ ಹೃದಯ ನಿಲ್ಲಬಹುದು. ಈ ಸರದಿಯೇ ನಮ್ಮ ಕೈಗೆ ಸಿಕ್ಕ ಪುಣ್ಯ: ಲ್ಯಾಬ್ ಇಲ್ಲದ ಊರಲ್ಲೂ ಒಂದು ರಬ್ಬರ್ ಸುತ್ತಿಗೆ ಎಚ್ಚರಿಸುತ್ತದೆ. ಪ್ರತಿ ಡೋಸ್‌ಗೆ ಮುಂಚೆ ಮಂಡಿ ಚಿಮ್ಮಬೇಕು, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿರಬಾರದು, ಹಿಂದಿನ 4 ಗಂಟೆಯಲ್ಲಿ ಕನಿಷ್ಠ 100 ಎಂಎಲ್ ಮೂತ್ರ ಬಂದಿರಬೇಕು. ಒಂದು ತಪ್ಪಿದರೂ ಆ ಡೋಸ್ ತಡೆಹಿಡಿಯಬೇಕು. ಉಸಿರು ಕುಗ್ಗಿದರೆ ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದು, ಮರುಮದ್ದಾಗಿ ಶೇ 10ರ ಕ್ಯಾಲ್ಸಿಯಂ ಗ್ಲುಕೊನೇಟ್ 10 ಎಂಎಲ್ ನಿಧಾನವಾಗಿ ನಾಳಕ್ಕೆ. ಆ ಆಂಪೂಲ್ ಹಾಸಿಗೆಯ ಪಕ್ಕದಲ್ಲಿರಬೇಕು, ಸ್ಟೋರ್‌ನಲ್ಲಲ್ಲ. ಸ್ನಾಯುಗಳು ಸೋಲುವ ಮಯಸ್ಥೇನಿಯಾ ಗ್ರೇವಿಸ್ ಕಾಯಿಲೆ ಇದ್ದವರಿಗೆ ಈ ಮದ್ದೇ ಬೇಡ.

ಢಾಕಾದ ವೈದ್ಯರು ತಮ್ಮಲ್ಲಿಯ ಸಣ್ಣ ಮೈಕಟ್ಟಿನ ಹೆಂಗಸರಿಗೆ 10 ಗ್ರಾಂನಿಂದ ಆರಂಭಿಸಿ, 4 ಗಂಟೆಗೊಮ್ಮೆ 2.5 ಗ್ರಾಂ ಕೊಟ್ಟು ನೋಡಿದರು. ‘ಢಾಕಾ ಕ್ರಮ’ ಹುಟ್ಟಿದ್ದು ಹಾಗೆ. ಇತ್ತ ಅವಧಿಪೂರ್ವ ಹೆರಿಗೆ ತಡೆಯಲೆಂದು ದಿನಗಟ್ಟಲೆ ಕೊಡುವ ಅಭ್ಯಾಸಕ್ಕೆ ಅಮೆರಿಕದ ಔಷಧ ಆಡಳಿತ 2013ರಲ್ಲಿ ತಡೆ ಹೇಳಿತು: 5–7 ದಿನ ಮೀರಿದರೆ ಮಗುವಿನ ಮೂಳೆ ದುರ್ಬಲವಾಗಬಹುದು.

ಭಾರತದ ಮಾರ್ಗಸೂಚಿಯಲ್ಲಿ ಹಳ್ಳಿಯ ಎಎನ್‌ಎಂ (ಸಹಾಯಕ ದಾದಿ) ಕೂಡ ಸ್ನಾಯುವಿನ 10 ಗ್ರಾಂ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಬಹುದು. ಕೊಟ್ಟ ಪ್ರಮಾಣ ಮತ್ತು ಗಂಟೆಯನ್ನು ರೆಫರಲ್ ಚೀಟಿಯಲ್ಲಿ ಬರೆಯದಿದ್ದರೆ, ಅಲ್ಲಿನವರು ಗೊತ್ತಿಲ್ಲದೆ ಮತ್ತೊಮ್ಮೆ ಪೂರ್ತಿ 14 ಗ್ರಾಂ ಕೊಟ್ಟಾರು.