ಕನ್ನಡಿಗ ಮೊದಲೋ, ಭಾರತೀಯ ಮೊದಲೋ: ಹಳೇ ಜಗಳದ ಹಿನ್ನೆಲೆ

ಬ್ಯಾಂಕಿನಲ್ಲಿ ಕನ್ನಡದ ಚಲನ್ ಕೇಳಿದರೆ ಸಂಕುಚಿತ ಮನಸ್ಸು ಅಂತಾರೆ. ನಾಡಧ್ವಜ ಬೇಕು ಅಂದರೆ ದೇಶಾಭಿಮಾನ ಕಡಿಮೆ ಅಂತಾರೆ. ವಾದ ಬೆಳೀತಾ ಹೋದಂತೆ ಹಿಂದಿ, ಸಂವಿಧಾನ, ಥಿಯೇಟರಿನ ರಾಷ್ಟ್ರಗೀತೆ ಎಲ್ಲಾ ಒಂದರಲ್ಲೊಂದು ಕಲಸಿಹೋಗುತ್ತವೆ. ಯಾವುದು ಎಲ್ಲಿಂದ ಶುರುವಾಯಿತು ಅನ್ನೋದೇ ಮರೆತುಹೋಗಿದೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ನಾಡಿನ ಪ್ರೀತಿಗೂ ದೇಶದ ಪ್ರೀತಿಗೂ ಜಗಳ ಅಷ್ಟಾಗಿ ಇರಲಿಲ್ಲ. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಲೆಕ್ಕದಲ್ಲೇ ಕಟ್ಟಿಕೊಂಡಿತು. ಆಗ ಕನ್ನಡದವರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಅಂತ ಹಂಚಿಹೋಗಿದ್ದರು. ಆಡಳಿತ ಬೇರೆ ಬೇರೆ ಇದ್ದರೂ ಚಳವಳಿಯಲ್ಲಿ ಕರ್ನಾಟಕ ಅನ್ನೋದು ಒಂದು ಪ್ರಾಂತವಾಯಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದ ಹೊತ್ತಿಗೇ, ಅದೇ ಊರಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ನಡೆಯಿತು. ಖಾದಿ ಉಟ್ಟವರೇ ಏಕೀಕರಣದ ಮಾತೂ ಆಡುತ್ತಿದ್ದರು. 1928ರ ಮೋತಿಲಾಲ್ ನೆಹರೂ ವರದಿಯೂ ಭಾಷಾವಾರು ಪ್ರಾಂತಗಳ ಪರವಾಗಿತ್ತು.

1947ರಲ್ಲಿ ದೇಶ ಒಡೆಯಿತು. ಒಂದು ಕೋಟಿಗೂ ಜಾಸ್ತಿ ಜನ ಮನೆಮಠ ಬಿಟ್ಟು ಓಡಿದರು, ಲಕ್ಷಗಟ್ಟಲೆ ಜನ ಸತ್ತರು. ಅದನ್ನು ಕಣ್ಣಾರೆ ಕಂಡ ನಾಯಕರಿಗೆ ಇನ್ನೊಂದು ಗೆರೆ ಎಳೆಯೋದು ಅಂದರೇ ಭಯ. ಆ ಭಯವನ್ನು ಇವತ್ತು ಕೂತು ಹಗುರವಾಗಿ ನೋಡುವುದು ನ್ಯಾಯವಲ್ಲ. 1948ರಲ್ಲಿ ನೇಮಿಸಿದ ಧರ್ ಆಯೋಗ, ಭಾಷೆಯೊಂದನ್ನೇ ಹಿಡಿದು ಪ್ರಾಂತ ಮಾಡಿದರೆ ರಾಷ್ಟ್ರದ ಹಿತಕ್ಕೆ ಒಳ್ಳೆಯದಲ್ಲ ಎಂದಿತು. ಜನ ಒಪ್ಪಲಿಲ್ಲ. ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಸೀತಾರಾಮಯ್ಯ ಮೂವರೂ ಕೂತು ಮತ್ತೆ ನೋಡಿದರು. 1949ರ ಅವರ ವರದಿಯೂ ಸದ್ಯಕ್ಕೆ ಬೇಡ, ಮೊದಲು ಭದ್ರತೆ ಮತ್ತು ಒಗ್ಗಟ್ಟು ಎಂದಿತು. ಆಂಧ್ರದ ವಿಷಯದಲ್ಲಿ ಮಾತ್ರ ಬಾಗಿಲು ಸ್ವಲ್ಪ ತೆರೆದೇ ಇಟ್ಟಿತು.

ಹೀಗೆ, ಕಾಲು ಶತಮಾನ ಕಾಂಗ್ರೆಸ್ಸೇ ಕೊಟ್ಟಿದ್ದ ಮಾತನ್ನು ನೆನಪಿಸಿದವರು ಒಗ್ಗಟ್ಟಿಗೆ ಅಡ್ಡ ಬರುವವರ ಹಾಗೆ ಕಾಣತೊಡಗಿದರು. ಈ ಜಗಳದ ಬೇರು ಇರುವುದು ಇಲ್ಲೇ ಅಂತ ನನಗನಿಸುತ್ತದೆ.

1952ರ ಅಕ್ಟೋಬರಿನಲ್ಲಿ ಪೊಟ್ಟಿ ಶ್ರೀರಾಮುಲು ತೆಲುಗರಿಗೆ ಆಂಧ್ರ ರಾಜ್ಯ ಬೇಕೆಂದು ಮದರಾಸಿನಲ್ಲಿ ಉಪವಾಸ ಕೂತರು. ಅವರು ಗಾಂಧೀಜಿಯ ಶಿಷ್ಯರು, ಸ್ವಾತಂತ್ರ್ಯಕ್ಕಾಗಿ ಜೈಲು ಕಂಡವರು. ದೇಶದ ಮೇಲೆ ಪ್ರೀತಿ ಇಲ್ಲ ಅಂತ ಅವರ ಬಗ್ಗೆ ಹೇಳಲು ಸಾಧ್ಯವೇ ಇರಲಿಲ್ಲ. ಡಿಸೆಂಬರ್ 15ರಂದು ಅವರು ತೀರಿಕೊಂಡರು. ಆಂಧ್ರದ ಊರೂರು ಹೊತ್ತಿಕೊಂಡವು. ಕೆಲವೇ ದಿನಗಳಲ್ಲಿ ಆಂಧ್ರ ರಾಜ್ಯ ಮಾಡುತ್ತೇವೆಂದು ಪ್ರಧಾನಿ ಘೋಷಿಸಿದರು.

ನಮ್ಮ ಕಡೆ 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕ ಏಕೀಕರಣಕ್ಕಾಗಿ ಉಪವಾಸ ಕೂತರು. ಹುಬ್ಬಳ್ಳಿಯಲ್ಲಿ ಜನ ಬೀದಿಗಿಳಿದರು. ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯನ್ನು ಮೈಸೂರಿಗೂ ಆಂಧ್ರಕ್ಕೂ ಹೇಗೆ ಹಂಚಬೇಕು ಅನ್ನೋ ಜಗಳ ಬೇರೆ. ಕೊನೆಗೆ ಏಳು ತಾಲೂಕು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅಕ್ಟೋಬರ್ 1ಕ್ಕೆ ಸೇರ್ಪಡೆ. ಬಳ್ಳಾರಿ ಊರಲ್ಲಿ ಸಂಭ್ರಮಕ್ಕೆ ಪೆಂಡಾಲ್ ಹಾಕಿದ್ದರು. ಹಿಂದಿನ ರಾತ್ರಿ ಅದನ್ನು ಕಾಯಲು ನಿಂತಿದ್ದ ಪಿಂಜಾರ ರಂಜಾನ್ ಸಾಹೇಬರ ಮೇಲೆ ಆಸಿಡ್ ಬಲ್ಬ್ ಎಸೆದರು. ಅವರು ಬದುಕಲಿಲ್ಲ. ಹತ್ತಿ ಹಿಂಜುವ ಸಮುದಾಯದ ಒಬ್ಬ ಮುಸ್ಲಿಂ, ಕನ್ನಡ ನಾಡು ಒಂದಾಗುವ ಹಬ್ಬದ ಚಪ್ಪರ ಕಾಯುತ್ತಾ ಸತ್ತ. ಯಾರು ಈ ನೆಲದವರು, ಯಾರು ಹೊರಗಿನವರು ಅಂತ ಇವತ್ತು ಲೆಕ್ಕ ಹಾಕುವವರಿಗೆ ಆ ರಾತ್ರಿಯ ವಿಷಯ ಗೊತ್ತಿರಬೇಕು.

ಅದೇ ವರ್ಷದ ಕೊನೆಗೆ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಇದ್ದ ರಾಜ್ಯ ಪುನರ್‌ವಿಂಗಡಣಾ ಆಯೋಗ ಬಂತು. 1955ರಲ್ಲಿ ವರದಿ, 1956ರ ನವೆಂಬರ್ 1ರಂದು ಹೊಸ ನಕ್ಷೆ. ಐದು ಕಡೆ ಚೆದುರಿದ್ದ ಕನ್ನಡಿಗರಲ್ಲಿ ಬಹುಪಾಲು ಜನ ಒಂದೇ ರಾಜ್ಯಕ್ಕೆ ಬಂದರು. ಕಾಸರಗೋಡು ಕೈತಪ್ಪಿತು, ಆ ನೋವು ಹಾಗೇ ಉಳಿದಿದೆ. ಬೆಳಗಾವಿಯ ತಕರಾರು ಕೋರ್ಟಿನವರೆಗೂ ಹೋಗಿದೆ. ಆದರೆ ದೇಶ ಒಡೆಯಲಿಲ್ಲ. ತನ್ನ ಭಾಷೆಯಲ್ಲಿ ಅರ್ಜಿ ಬರೆಯಲು, ಮಕ್ಕಳಿಗೆ ಪಾಠ ಹೇಳಿಸಲು ಒಂದು ರಾಜ್ಯ ಸಿಕ್ಕ ಮೇಲೆ ಜನರಿಗೆ ದಿಲ್ಲಿಯ ಮೇಲಿನ ಸಿಟ್ಟು ಇಳಿಯಿತೇ ಹೊರತು ಏರಲಿಲ್ಲ.

ಅದೇ 1956ರಲ್ಲಿ ಪಕ್ಕದ ಶ್ರೀಲಂಕಾ, ಆಗಿನ ಸಿಲೋನ್, ಸಿಂಹಳ ಒಂದೇ ಆಡಳಿತ ಭಾಷೆ ಎಂದು ಕಾನೂನು ಮಾಡಿತು. ಮುಂದೆ 1983ರಿಂದ 2009ರವರೆಗೆ ಅಲ್ಲಿ ಯುದ್ಧ. ಕಾರಣ ಅದೊಂದೇ ಅಲ್ಲ, ಆದರೆ ಜನರ ನಡುವೆ ಬೇಲಿ ಎದ್ದಿದ್ದು ಅಲ್ಲಿಂದ. ಪಾಕಿಸ್ತಾನ ಉರ್ದುವನ್ನು ಹೇರಲು ಹೋದಾಗ 1952ರ ಫೆಬ್ರವರಿ 21ರಂದು ಢಾಕಾದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1971ಕ್ಕೆ ಆ ದೇಶ ಎರಡಾಯಿತು. ಎಲ್ಲರೂ ಒಂದೇ ಥರ ಇದ್ದರೆ ಗಟ್ಟಿ ಅಂದುಕೊಂಡ ನೆರೆಹೊರೆಯ ಗತಿ ಇದು.

ನಾವೂ ಎಡವದೇ ಇರಲಿಲ್ಲ. ಹಿಂದಿಯ ಜೊತೆ ಇಂಗ್ಲಿಷನ್ನು 15 ವರ್ಷ ಮಾತ್ರ ಇಟ್ಟುಕೊಳ್ಳೋಣ ಎಂದು 1949ರಲ್ಲಿ ಆಗಿದ್ದ ರಾಜಿಯ ಗಡುವು 1965ರ ಜನವರಿ 26ಕ್ಕೆ ಮುಗಿಯುತ್ತಿತ್ತು. ಮದರಾಸಿನ ಹಿಂದಿ ವಿರೋಧಿ ಹೋರಾಟದಲ್ಲಿ ಹತ್ತಾರು ಜನ ಸತ್ತ ಮೇಲೆ ದಿಲ್ಲಿ ಹಿಂದೆ ಸರಿಯಿತು. ಹಿಂದಿಯೇತರ ರಾಜ್ಯಗಳು ಬೇಡ ಅನ್ನುವವರೆಗೂ ಇಂಗ್ಲಿಷ್ ಇರುತ್ತದೆ ಎಂಬ ಭರವಸೆ 1967ರ ತಿದ್ದುಪಡಿಯಲ್ಲಿ ಕಾನೂನಾಯಿತು. ಮಿಜೋರಾಂನಲ್ಲಂತೂ 1966ರಲ್ಲಿ ಬಂಡಾಯ ಎದ್ದಾಗ ಐಜ್ವಾಲ್ ಮೇಲೆ ನಮ್ಮದೇ ವಿಮಾನಗಳು ಬಾಂಬ್ ಹಾಕಿದವು. 20 ವರ್ಷದ ನಂತರ, 1986ರ ಒಪ್ಪಂದದಲ್ಲಿ, ಬಂಡಾಯ ನಡೆಸಿದ್ದ ಲಾಲ್‌ಡೆಂಗಾ ಅವರೇ ಮುಖ್ಯಮಂತ್ರಿಯಾದರು. ಅಲ್ಲಿ ಶಾಂತಿ ಬಂದಿದ್ದು ಮಾತುಕತೆಯಿಂದ.

ಆಮೇಲೆ ವಿಷಯ ಭಾಷೆಯಿಂದ ಗೌರವ ತೋರಿಸುವ ರೀತಿಗೆ ಹೊರಳಿತು. 1971ರಲ್ಲಿ ರಾಷ್ಟ್ರಲಾಂಛನಗಳಿಗೆ ಅವಮಾನ ತಡೆಯುವ ಕಾನೂನು, 1976ರಲ್ಲಿ ಮೂಲಭೂತ ಕರ್ತವ್ಯಗಳು ಬಂದವು. ಆ ಪಟ್ಟಿಯ ಮೊದಲ ಸಾಲಿನಲ್ಲಿ ಧ್ವಜ, ರಾಷ್ಟ್ರಗೀತೆಗೆ ಗೌರವ ಇದೆ. ಕೆಳಗೆ ಬಂದರೆ ನಮ್ಮ ಬೆರೆತ ಸಂಸ್ಕೃತಿಯ ಪರಂಪರೆಯನ್ನು ಕಾಪಾಡಬೇಕು ಅಂತಲೂ ಇದೆ. ಅದನ್ನು ಯಾರೂ ಜಾಸ್ತಿ ಎತ್ತಾಡುವುದಿಲ್ಲ.

1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಒಂದೇ ಮನೆಯ ಮೂರು ಮಕ್ಕಳನ್ನು ಹೊರಹಾಕಿದರು. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ರಾಷ್ಟ್ರಗೀತೆ ಶುರುವಾದರೆ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ ಅಷ್ಟೇ. ಮಕ್ಕಳು ಅಗೌರವ ತೋರಿಸಿಲ್ಲ ಅಂತ ವಿಚಾರಣೆಯಲ್ಲೂ ಗೊತ್ತಾಗಿತ್ತು. ಆದರೂ ಹೈಕೋರ್ಟು ಅವರ ಅರ್ಜಿಯನ್ನು ತಳ್ಳಿಹಾಕಿತು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಸೇರಿಸಿಕೊಳ್ಳಿ ಎಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ. ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಎದ್ದು ನಿಂತರೆ ಗೌರವ ಕೊಟ್ಟಂತೆಯೇ ಅನ್ನೋದು ಅವರ ನಿಲುವು. ಬರೀ ಇಷ್ಟನ್ನು ಹೇಳಲು ದೇಶದ ಅತಿ ದೊಡ್ಡ ಕೋರ್ಟೇ ಬೇಕಾಯಿತು ಅನ್ನೋದು ಬೇಜಾರಿನ ವಿಷಯ. 2016ರಲ್ಲಿ ಅದೇ ಕೋರ್ಟು ಥಿಯೇಟರುಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಮಾಡಿತು. 2018ರ ಜನವರಿಯಲ್ಲಿ ಕಡ್ಡಾಯವಲ್ಲ ಎಂದು ಬದಲಿಸಿತು.

2018ರಲ್ಲೇ ಕರ್ನಾಟಕ ಸರ್ಕಾರ ನಾಡಧ್ವಜದ ಮಾದರಿ ಒಪ್ಪಿ ಕೇಂದ್ರಕ್ಕೆ ಕಳಿಸುವ ತೀರ್ಮಾನ ಮಾಡಿತು. ಆಗಲೂ ಕೇಳಿಬಂದಿದ್ದು 1948ರ ಮಾತೇ: ಇವತ್ತು ಬಾವುಟ, ನಾಳೆ ಏನು?

ಆದರೆ ಈ ಪ್ರಶ್ನೆ ಈಗ ನಮ್ಮ ಅಂಗಳಕ್ಕೂ ಬಂದಿದೆ. ಸಂವಿಧಾನ ಮನ್ನಣೆ ಕೊಟ್ಟ ಭಾಷೆಗಳ ಪಟ್ಟಿ, ಅಂದರೆ ಎಂಟನೇ ಪರಿಚ್ಛೇದ, 14 ಭಾಷೆಗಳಿಂದ ಶುರುವಾಗಿ 22ಕ್ಕೆ ಬಂದಿದೆ. ತುಳು, ಕೊಡವ ಇನ್ನೂ ಹೊರಗೇ ಇವೆ. 2011ರ ಜನಗಣತಿ ಪ್ರಕಾರ ತುಳು ಮಾತಾಡುವವರೇ 18 ಲಕ್ಷಕ್ಕೂ ಜಾಸ್ತಿ. ತುಳುವರು ರಾಜ್ಯದಲ್ಲೂ ಅಧಿಕೃತ ಸ್ಥಾನ ಕೇಳಿದಾಗ, ಇದರಿಂದ ಕನ್ನಡದ ಒಗ್ಗಟ್ಟು ಒಡೆಯುತ್ತದೆ ಅನ್ನುವವರು ನಮ್ಮಲ್ಲೇ ಇದ್ದಾರೆ. ದಿಲ್ಲಿಯವರು ನಮಗೆ ಹೇಳಿದ್ದೂ ಇದನ್ನೇ ಅಲ್ವಾ? ತುಳುವಿನ ಬೇಡಿಕೆಗೆ ಬೆಂಗಳೂರು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ.