ಆಂಜಿಯೋಗ್ರಾಂ ನಾರ್ಮಲ್ ಬಂದಿದೆ, ಎದೆನೋವು ಹೋಗಿಲ್ಲ: ಇದು ಗ್ಯಾಸ್ಟ್ರಿಕ್ಕೇ?

ಪ್ರಶ್ನೆ: ನನಗೆ 52 ವರ್ಷ. ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾಗುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇಲ್ಲ. ಮನೆಯವರೆಲ್ಲ ಗ್ಯಾಸ್ಟ್ರಿಕ್ ಎನ್ನುತ್ತಾರೆ. ನಿಜವೇ?

ಉತ್ತರ: ಹೆಂಗಸರಿಂದ ಇದೇ ಪ್ರಶ್ನೆ ಎಷ್ಟೋ ಸಲ ಬಂದಿದೆ, ಉತ್ತರವನ್ನೂ ಕೊಟ್ಟಾಗಿದೆ. ಆದರೂ ‘ಬ್ಲಾಕ್ ಇಲ್ಲದಿದ್ದರೆ ಹೃದಯಕ್ಕೆ ಏನೂ ಇಲ್ಲ’ ಎಂಬ ನಂಬಿಕೆ ಅಲುಗಾಡದೇ ಇರುವುದರಿಂದ ಈ ಸಲ ಬಿಡಿಸಿಯೇ ಬರೆಯುತ್ತೇನೆ.

ಆಂಜಿಯೋಗ್ರಾಂನಲ್ಲಿ ಕಾಣುವುದು ಹೃದಯದ ಮೇಲ್ಮೈಯ ದೊಡ್ಡ ರಕ್ತನಾಳಗಳು ಮತ್ತು ಅವುಗಳ ಕವಲುಗಳು. ಸ್ನಾಯುವಿನೊಳಕ್ಕೆ ಇಳಿಯುವ, ಅರ್ಧ ಮಿಲಿಮೀಟರಿಗಿಂತ ಸಪೂರವಾದ ನಾಳಗಳು ಆ ಚಿತ್ರದಲ್ಲಿ ಮೂಡುವುದೇ ಇಲ್ಲ. ಶ್ರಮಕ್ಕೆ ತಕ್ಕಷ್ಟು ರಕ್ತ ಹೊಂದಿಸುವ ಕೆಲಸವಾದರೋ ಮುಖ್ಯವಾಗಿ ಅವುಗಳದೇ. ನಾಲೆ ತುಂಬಿ ಹರಿಯುತ್ತಿದ್ದರೂ ಕೊನೆಯ ಭಾಗದ ಗದ್ದೆಗೆ ನೀರು ತಲುಪದಿರುವುದನ್ನು ನಾವೆಲ್ಲ ಬಲ್ಲೆವು. ಸಣ್ಣ ನಾಳಗಳು ಹಿಗ್ಗಬೇಕಾದಾಗ ಹಿಗ್ಗದಿದ್ದರೆ, ಇಲ್ಲವೇ ದೊಡ್ಡ ನಾಳವೇ ಆಗಾಗ ಸೆಟೆದುಕೊಂಡು ಕಿರಿದಾದರೆ, ಬರುವುದು ಹೃದಯದ ನೋವೇ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ‘ವೈಸ್’ ಅಧ್ಯಯನವು ಎದೆನೋವಿನ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿತು. ಬ್ಲಾಕ್ ಇಲ್ಲದವರಲ್ಲೂ ಅನೇಕರಿಗೆ ಸಣ್ಣ ನಾಳಗಳ ದೋಷವಿತ್ತು. ನೋವೇ ಇಲ್ಲದ ಮಹಿಳೆಯರಿಗಿಂತ ಅವರಿಗೆ ಮುಂದೆ ಹೃದಯದ ತೊಂದರೆಯ ಅಪಾಯವೂ ಹೆಚ್ಚಿತ್ತು.

‘ಊಟವಾದ ಮೇಲೆ ನಡೆದರೆ ಜಾಸ್ತಿ, ತೇಗು ಬಂದರೆ ಹಗುರ, ಅಂದಮೇಲೆ ಗ್ಯಾಸೇ’ ಎಂಬ ವಾದವನ್ನೂ ಒಪ್ಪಲಾಗದು. ಊಟದ ನಂತರ ಜೀರ್ಣಾಂಗಗಳಿಗೆ ಹೆಚ್ಚು ರಕ್ತ ಹರಿಯುವುದರಿಂದ ಹೃದಯದ ಕೆಲಸ ಹೆಚ್ಚಿ, ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ಇರುವವರಿಗೆ ಅದೇ ನಡಿಗೆಯಲ್ಲಿ ನೋವು ಬೇಗ ಕಾಣಿಸಿಕೊಳ್ಳುತ್ತದೆ. ತೇಗು ಬರುವಷ್ಟು ಹೊತ್ತು ನಿಂತದ್ದೇ ವಿಶ್ರಾಂತಿಯಾಗಿ ನೋವು ಇಳಿದಿರಬಹುದು. ನೀವು ಬರೆದಿರುವಂತೆ ಹತ್ತುವಾಗ ಬಂದು ನಿಂತಾಗ ಹೋಗುವ ನೋವನ್ನು ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಮುಚ್ಚಿಡಬಾರದು.

ಹೃದ್ರೋಗ ತಜ್ಞರನ್ನು ಮತ್ತೆ ಕಂಡು, ‘ಸಣ್ಣ ನಾಳಗಳ ತೊಂದರೆ ಇರಬಹುದೇ’ ಎಂದು ನೇರವಾಗಿ ಕೇಳಿ. ರಕ್ತದ ಹರಿವನ್ನು ಅಳೆಯುವ ಎಂಆರ್‌ಐ, ಪೆಟ್ ಸ್ಕ್ಯಾನ್‌ಗಳಿವೆ. ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬಿನಲ್ಲೇ ಅಡೆನೊಸಿನ್, ಅಸಿಟೈಲ್‌ಕೋಲಿನ್ ಎಂಬ ಔಷಧಿಗಳನ್ನು ಕೊಟ್ಟು, ನಾಳಗಳು ಸರಿಯಾಗಿ ಹಿಗ್ಗುತ್ತವೆಯೇ, ಸೆಟೆದುಕೊಳ್ಳುತ್ತವೆಯೇ ಎಂದು ಪರೀಕ್ಷಿಸಬಹುದು. ಸಣ್ಣ ನಾಳದ ದೋಷಕ್ಕೂ ನಾಳ ಸೆಟೆದುಕೊಳ್ಳುವುದಕ್ಕೂ ಔಷಧಿ ಒಂದೇ ಅಲ್ಲವಾದ್ದರಿಂದ ಯಾವುದೆಂದು ತಿಳಿಯುವುದು ಮುಖ್ಯ. ಸ್ಕಾಟ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಕಾರ್‌ಮಿಕಾ’ ಪ್ರಯೋಗದಲ್ಲಿ ಹೀಗೆ ಪರೀಕ್ಷಿಸಿ ಔಷಧಿ ಕೊಟ್ಟವರ ಆಂಜೈನಾ ಗಣನೀಯವಾಗಿ ಕಡಿಮೆಯಾಯಿತು. ಆದರೆ ಕುಳಿತಲ್ಲೇ ನೋವು ಬಂದು ಹತ್ತು ನಿಮಿಷವಾದರೂ ಇಳಿಯದಿದ್ದರೆ, ಇಲ್ಲವೇ ಬೆವರು, ಉಸಿರುಕಟ್ಟುವಿಕೆ, ದವಡೆನೋವು ಜೊತೆಯಾದರೆ, ಹಳೆಯ ರಿಪೋರ್ಟ್ ನಂಬಿ ಕೂರದೆ 108ಕ್ಕೆ ಕರೆ ಮಾಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಬಸುರಿನಲ್ಲಿ ಬಿಪಿ ಅಥವಾ ಶುಗರ್ ಏರಿತ್ತೇ? 40 ತುಂಬುವ ಮೊದಲೇ ಮುಟ್ಟು ನಿಂತಿತ್ತೇ? ಇವೆಲ್ಲ ಮುಂದಿನ ಹೃದಯರೋಗದ ಅಪಾಯವನ್ನು ಹೆಚ್ಚಿಸುತ್ತವೆ. ಹೆರಿಗೆಯಾದ ಮೇಲೆ ಬಿಪಿ ಇಳಿಯಿತು, ಕಥೆ ಮುಗಿಯಿತು ಎಂದುಕೊಂಡು ಇದನ್ನು ಹೃದಯದ ವೈದ್ಯರ ಮುಂದೆ ಯಾರೂ ಎತ್ತುವುದಿಲ್ಲ. ನಿಮ್ಮ ಮಗಳೋ ಸೊಸೆಯೋ ಈಗ ಬಾಣಂತಿಯಾಗಿದ್ದರೆ ಅವಳ ತಾಯಿ ಕಾರ್ಡನ್ನು ಎತ್ತಿಡಿ. ಅದರಲ್ಲಿ ಬಿಪಿ ಏರಿದ್ದು ದಾಖಲಾಗಿದ್ದರೆ ವರ್ಷಕ್ಕೊಮ್ಮೆಯಾದರೂ ಅವಳ ಬಿಪಿ, ಶುಗರ್ ನೋಡಿಸಿ.